ಇಡ್ಲಿ ತಟ್ಟೆಗೆ ಬಿದ್ದ ಬೇಲದ ಹಣ್ಣು

ಮನೆ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಹೆಂಗಸಿಗೆ ಅಂತ ಒಂದು ಮೂಲೆ ಇರುವುದಿಲ್ಲ ಎನ್ನುವುದು ನನ್ನ ಬಹುಕಾಲದ ದೂರು. ದೇವರಿಗೊಂದು ಕೋಣೆಯಿದೆ, ಟೀವಿಗೊಂದು ಗೋಡೆಯಿದೆ, ನಮ್ಮವರ ಸ್ಕೂಟರಿಗೆ ತಗಡಿನ ಶೆಡ್ಡೇ ಇದೆ. ನಾನು ಮಾತ್ರ ಎಲ್ಲಿ ಕೂತರೂ ನಮ್ಮವರ ದನಿ ಹುಡುಕಿಕೊಂಡು ಬರುತ್ತದೆ: “ಲೇ ಇವಳೇ, ಕೀ ಎಲ್ಲಿ?” ಇಟ್ಟವರು ಅವರು, ಹುಡುಕಬೇಕಾದವಳು ನಾನು. ಮದ್ದೂರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ತಲುಪದ ಸ್ಥಳ ಒಂದೇ ಒಂದು, ಹಿತ್ತಲಿನ ಬೇಲದ ಮರದ ಬುಡ. ಅದನ್ನು ಯಾರೂ ನೆಟ್ಟಿದ್ದಲ್ಲ, ತಾನಾಗಿ ಹುಟ್ಟಿದ್ದು. ಮೈತುಂಬ ಮುಳ್ಳು. ಕ್ರಿಕೆಟ್ ಚೆಂಡಿನಂಥ ಹಣ್ಣು ಯಾವಾಗ ನೆತ್ತಿಯ ಮೇಲೆ ಬೀಳುತ್ತದೋ ಎಂಬ ಭಯಕ್ಕೆ ಅತ್ತ ಯಾರೂ ಸುಳಿಯುವುದಿಲ್ಲ. ಭಾನುವಾರ ಊಟವಾದ ಮೇಲೆ ನಾನು ಟವಲನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲಿಟ್ಟುಕೊಂಡು ಅಲ್ಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತೇನೆ. ಏನೂ ಮಾಡುವುದಿಲ್ಲ. ಅದೇ ಅದರ ಸುಖ.

ಈ ಸುಖಕ್ಕೆ ಕಲ್ಲು ಹಾಕಲು ಬಂದವರು ಪಕ್ಕದ ಮನೆಯ ಪುಟ್ಟತಾಯಮ್ಮ. ಮರದ ಒಂದು ಕೊಂಬೆ ಅವರ ಕೊಟ್ಟಿಗೆಯ ತಗಡಿನ ಮೇಲೆ ಚಾಚಿದೆ. “ದಡಾರ್ ಅಂತ ಬಿದ್ದೇಟ್ಗೆ ಅಸ ಬೆದರ್ಕತದೆ ಕಣವ್ವ. ಆಮೇಕೆ ತೊಟ್ಟು ಆಲು ಕೊಡಾಕಿಲ್ಲ. ಡೈರಿಗೆ ಏನ ಉಯ್ಯನ, ಬೇಲದಣ್ಣ?” ಎಂದು ಕಾಂಪೌಂಡಿನ ಮೇಲಿಂದ ಕೇಳಿದರು. ನಮ್ಮವರು ತಕ್ಷಣ ಅವರ ಪಕ್ಷ ಸೇರಿ, ಮರ ಕುಯ್ಯುವವನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಟೀವಿಯ ಮುಂದಿಟ್ಟರು. “ವರ್ಷಕ್ಕೊಂದ್ಸಲ ರಾಮನವಮಿ ಪಾನಕ ಬಿಟ್ರೆ ಅದರಿಂದ ಏನು ಉಪಯೋಗ?” ಎಂದರು. ನಾನು ಬಾಯಿತಪ್ಪಿ “ಜೆಲ್ಲಿ” ಎಂದುಬಿಟ್ಟೆ. ಯಾರೋ ಹೆಂಗಸು ಬೇಲದ ಹಣ್ಣಿನಿಂದ ಜೆಲ್ಲಿ ಮಾಡಿ, ಬಾಟಲಿಯನ್ನು ಬಿಸಿಲಿಗೆ ಹಿಡಿದು ಕೆಂಪಗೆ ತೋರಿಸಿದ್ದನ್ನು ಫೋನಿನಲ್ಲಿ ನೋಡಿದ್ದೆ. “ಸರಿ ಮಾಡು. ಪುಟ್ಟತಾಯಮ್ಮ ತಿಂದು ಒಪ್ಪಿದ್ರೆ ಮರ ಇರಲಿ” ಎಂದರು ನಮ್ಮವರು. ಹೀಗೆ ನನ್ನ ಮರದ ಆಯಸ್ಸು ಪುಟ್ಟತಾಯಮ್ಮನ ನಾಲಗೆಯ ಮೇಲೆ ಹೋಗಿ ಕೂತಿತು.

ಭಾನುವಾರ ಬೆಳಿಗ್ಗೆ ಹಣ್ಣು ಒಡೆದು, ತಿರುಳನ್ನು ಬೇಯಿಸಿ, ನಮ್ಮವರ ಹಳೇ ಪಂಚೆಯಲ್ಲಿ ಕಟ್ಟಿ ತೂಗುಹಾಕಿದೆ. ಹಿಂಡಬಾರದು, ತಾನಾಗಿ ತೊಟ್ಟಿಕ್ಕಬೇಕು, ಹಿಂಡಿದರೆ ರಸ ಬಗ್ಗಡವಾಗುತ್ತದೆ ಎಂದು ಫೋನಿನ ಹೆಂಗಸು ಒತ್ತಿ ಹೇಳಿದ್ದಳು. ಅಷ್ಟರಲ್ಲಿ ಇಲ್ಲೇ ಹತ್ತಿರದ ಕೊಪ್ಪದಿಂದ ನನ್ನ ತಮ್ಮ ನಂಜುಂಡ ಬೆಲ್ಲದ ಪೊಟ್ಟಣ ಹಿಡಿದು ಬಂದ. ಮೊದಲು ಊರಿನಲ್ಲಿ ಆಲೆಮನೆ ನಡೆಸುತ್ತಿದ್ದವನು. ಈ ಲೋಕದಲ್ಲಿ ಸಿಹಿಯಾದದ್ದು ಏನು ಕುದಿದರೂ ಅದು ತನ್ನ ಅಧಿಕಾರಕ್ಕೆ ಸೇರಿದ್ದು ಎಂದು ಅವನ ನಂಬಿಕೆ. “ಒಂದೊಂದೇ ತೊಟ್ಟು ಬೀಳಕೆ ಇದೇನ್ ಗುಲ್ಕೋಸಾ ಅಕ್ಕಯ್ಯ?” ಎಂದವನೇ ಪಂಚೆಯನ್ನು ಕಬ್ಬು ಅರೆದ ಹಾಗೆ ಹಿಂಡಿಬಿಟ್ಟ. ನಾನು ಸಕ್ಕರೆ ಡಬ್ಬಿ ತರುವಷ್ಟರಲ್ಲಿ ಬೆಲ್ಲ ಪಾತ್ರೆಗೆ ಬಿದ್ದಿತ್ತು. “ಸಕ್ರೆ ಯಾಕೆ? ಬೆಲ್ಲ ತಿಂದ್ ಬೆಳ್ದೋರು ನಾವು. ನೀ ಸುಮ್ಕಿರು.”

ಸುಮ್ಮನಿರಲು ಸಾಧ್ಯವೇ? ಆದರೂ ಸಿಟ್ಟು ನುಂಗಿಕೊಂಡು, ಸೌಟಿನಿಂದ ದಪ್ಪಗೆ ಜಾರುವ ಹೊತ್ತಿಗೆ ಇಳಿಸಿಬಿಡಬೇಕು ಎಂದು ಅವನಿಗೆ ವಿವರಿಸುತ್ತಿದ್ದೆ. ಆಗಲೇ ಹೊರಗಿನಿಂದ ಬಂತು: “ಲೇ ಇವಳೇ, ಕೀ ಎಲ್ಲಿ?” ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ದೇವರ ಕೋಣೆಯಲ್ಲಿ ಹುಡುಕಿದೆ. ಕೀ ಅವರು ತೊಟ್ಟಿದ್ದ ಅಂಗಿಯ ಜೇಬಿನಲ್ಲೇ ಇತ್ತು. ಓಡಿ ಬಂದರೆ ನಂಜುಂಡ ತಣ್ಣೀರಿಗೆ ಬಿಟ್ಟ ಪಾಕವನ್ನು ಬೆರಳಲ್ಲಿ ಉಂಡೆ ಮಾಡಿ ತಟ್ಟೆಗೆ ಕುಟ್ಟುತ್ತಿದ್ದ. ಟಣ್ ಎಂದಿತು. “ಈಗ್ ಬಂತು ನೋಡು ಅದ” ಎಂದ, ಹದವೆಂಬುದು ಬೇರೆ ಯಾರಿಗೂ ಗೊತ್ತಿಲ್ಲ ಎಂಬ ಮುಖದಲ್ಲಿ.

“ಇದು ಅಲ್ಲಾಡ್ಬೇಕಿತ್ತು ಕಣೋ. ಜೆಲ್ಲಿ ಅಂದ್ರೆ ಅಲ್ಲಾಡ್ಬೇಕು” ಎಂದೆ.

“ಅಲ್ಲಾಡೋ ಬೆಲ್ಲವ ಯಾವ್ ಮಂಡಿಯೋನ್ ತಗತಾನೆ?” ಎಂದು ಕೇಳಿ, ಅಷ್ಟನ್ನೂ ಇಡ್ಲಿ ತಟ್ಟೆಗಳಿಗೆ ಹುಯ್ದ. ತೊಳೆದು ಒಣಗಿಸಿದ್ದ ನನ್ನ ಬಾಟಲಿಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ನನಗೆ ನಿಜಕ್ಕೂ ಅಳು ಬಂತು.

ಮಾತು ಕೊಟ್ಟ ಮೇಲೆ ತಪ್ಪಿಸುವಂತಿಲ್ಲ. ಸಂಜೆ ಒಂದು ಕಪ್ಪು ಇಡ್ಲಿಯನ್ನು ತಟ್ಟೆಯಲ್ಲಿಟ್ಟು, ತಲೆ ತಗ್ಗಿಸಿಕೊಂಡು ಪುಟ್ಟತಾಯಮ್ಮನ ಮುಂದೆ ಹಿಡಿದೆ. ಅವರು ಅದನ್ನು ಗುಂಡುಕಲ್ಲಿನಿಂದ ಒಡೆದು, ಚೂರನ್ನು ದವಡೆಗೆ ಒತ್ತಿಕೊಂಡು, ಬಹಳ ಹೊತ್ತು ಹಸುವನ್ನೇ ನೋಡುತ್ತ ಚೀಪಿದರು. “ಉಳೀನೂ ಅದೆ, ಸೀನೂ ಅದೆ. ಬಸ್ಸಾರ್ಗೆ ಒಂದ್ ಚೂರ್ ಆಕುದ್ರೆ ಉಣಸೆಅಣ್ಣೂ ಬ್ಯಾಡ, ಬೆಲ್ಲಾನೂ ಬ್ಯಾಡ. ಮರ ಇರ್ಲಿ ಬುಡವ್ವ” ಎಂದರು. ಆ ಸಂತೋಷದಲ್ಲಿ ಟೀವಿಯ ಮುಂದಿನ ಚೀಟಿಯನ್ನು ತೆಗೆದು, ಯಾರ ಕೈಗೂ ಸಿಗದ ಹಾಗೆ ಎಲ್ಲೋ ಇಟ್ಟೆ.

ಪುಟ್ಟತಾಯಮ್ಮನ ಮನೆಯ ಸಾರಿನ ಸುದ್ದಿ ಬೀದಿಗೆ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಈಗ ನನ್ನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಬೀದಿಯ ಹೆಂಗಸರೆಲ್ಲ ಹಣ್ಣು ಬೀಳುವುದನ್ನೇ ಕಾಯುತ್ತಾರೆ. ಭಾನುವಾರ ಬಂತೆಂದರೆ ನನ್ನ ಕಲ್ಲಿನ ಮೇಲೆ ನಂಜುಂಡ ಬಂದು ಕೂತು ಎಲ್ಲರಿಗೂ ಹದದ ಪಾಠ ಹೇಳುತ್ತಾನೆ. ಮನೆಯೊಳಗೆ ಕೀ ಹುಡುಕುವ ಕೆಲಸವಂತೂ ಇದ್ದೇ ಇದೆ. ಹೋದ ಭಾನುವಾರ ತಡೆಯಲಾರದೆ ಪುಟ್ಟತಾಯಮ್ಮನ ಕೊಟ್ಟಿಗೆಗೆ ಹೋಗಿ, ಹಸುವಿನ ಪಕ್ಕ ಮಣೆ ಹಾಕಿಕೊಂಡು ಕೂತೆ. ಹಸು ನನ್ನನ್ನು ಏನೂ ಕೇಳಲಿಲ್ಲ. ಎಷ್ಟು ಒಳ್ಳೆಯ ಪ್ರಾಣಿ ಎಂದುಕೊಳ್ಳುವಷ್ಟರಲ್ಲಿ ನೆತ್ತಿಯ ಮೇಲಿನ ತಗಡಿಗೆ ದಡಾರ್ ಎಂದು ಬಿತ್ತು ಒಂದು ಹಣ್ಣು. ಹಸು ಒಂದು ಕಡೆ ನೆಗೆಯಿತು, ನಾನೊಂದು ಕಡೆ ನೆಗೆದೆ. ಅಲ್ಲಿಂದ ನೇರ ಮನೆಗೆ ಬಂದು ನಮ್ಮವರನ್ನು ಕೇಳಿದೆ: “ರೀ, ಆ ಮರ ಕುಯ್ಯೋನ ನಂಬರಿನ ಚೀಟಿ ಎಲ್ಲಿ?”

ಅವರು ಟೀವಿಯಿಂದ ಕಣ್ಣು ಕೀಳದೆ ಹೇಳಿದರು: “ಇಟ್ಟೋಳು ನೀನು. ನನ್ನ ಕೇಳಿದ್ರೆ?”