ಗಾಡಿ ಎಷ್ಟು ಕೊಡ್ತದೆ?

ನಮ್ಮ ಕಡೆಯವರು ಅಳಿಯನ ಸಂಬಳ ಕೇಳಲು ಸ್ವಲ್ಪವಾದರೂ ಹಿಂಜರಿಯುತ್ತಾರೆ. ಕಾರಿನ ಮೈಲೇಜು ಕೇಳಲು ಯಾರಿಗೂ ಸಂಕೋಚವಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ, ದೇವಸ್ಥಾನದಲ್ಲಿ ಕಾಲು ತೊಳೆಯುವ ನಳ್ಳಿಯ ಬಳಿ, ಎಲ್ಲಿ ಸಿಕ್ಕಿದರೂ “ಗಾಡಿ ಎಷ್ಟು ಕೊಡ್ತದೆ?” ಎಂಬುದೇ ಕುಶಲಪ್ರಶ್ನೆ. ಆ ಪ್ರಶ್ನೆಗೆ ನಮ್ಮ ಯಜಮಾನರು ತಲೆ ತಗ್ಗಿಸಿ ಉತ್ತರ ಕೊಡುತ್ತಿದ್ದರು. ನಮ್ಮದು ಡೀಸೆಲ್ ಗಾಡಿ, ಆದರೆ ಆಟೋಮ್ಯಾಟಿಕ್. ಇವರ ಎಡಮೊಣಕಾಲು ಇನ್ನು ಕ್ಲಚ್ ತುಳಿಯಲಾರೆ ಎಂದು ಹಟ ಹಿಡಿದಾಗ ತಂದದ್ದು. ಎಣ್ಣೆ ತಿಕ್ಕಿ ತಿಕ್ಕಿ ಮೊಣಕಾಲು ಸರಿಯಾಯಿತು, ದೇವರ ದಯೆ. ಅದು ಸರಿಯಾದ ಮೇಲೆ ಇವರ ಕಣ್ಣು ಮೈಲೇಜಿನ ಮೇಲೆ ಬಿತ್ತು. “ಲೀಟರಿಗೆ ಹದಿಮೂರು ಅಂದ್ರೆ ಎಂತ ಮೈಲೇಜು ಮಾರಾಯ್ತಿ? ಇದನ್ನು ಕೊಟ್ಟು ಗೇರಿನ ಗಾಡಿ ತಗೊಳ್ಳುವ” ಎಂದರು ಒಂದು ಬೆಳಿಗ್ಗೆ, ದೋಸೆ ತಿನ್ನುತ್ತಾ.

ನನ್ನ ಕೈಯ ಸಟ್ಟುಗ ಕಾವಲಿಯ ಮೇಲೆಯೇ ನಿಂತಿತು. ಏಕೆಂದರೆ ನನಗೆ ಬಿಡಲು ಬರುವ ಗಾಡಿ ಈ ಲೋಕದಲ್ಲಿ ಇದೊಂದೇ. ಮದುವೆಯಾದ ಹೊಸತರಲ್ಲಿ ಇವರು ಗೇರಿನ ಗಾಡಿಯಲ್ಲಿ ಕಲಿಸಲು ನೋಡಿದ್ದರು. ಹಾಫ್ ಕ್ಲಚ್ ಎಂಬ ವಿದ್ಯೆ ನನಗೆ ಒಲಿಯಲೇ ಇಲ್ಲ. ಕಬಕದ ಹತ್ತಿರದ ಒಂದು ಏರಿನಲ್ಲಿ ಗಾಡಿ ಹಿಂದೆ ಜಾರತೊಡಗಿದಾಗ ನಾನು ಸ್ಟಿಯರಿಂಗ್ ಬಿಟ್ಟು ದೇವರಿಗೆ ಕೈಮುಗಿದವಳು. ಈ ಆಟೋಮ್ಯಾಟಿಕ್ ಬಂದ ಮೇಲೆಯೇ ನಾನು ಐವತ್ತು ದಾಟಿದ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದ್ದು. ಈಗ ಸೋಮವಾರ ದೇವಸ್ಥಾನಕ್ಕೆ, ಬೇಕೆನಿಸಿದಾಗ ಪಂಜದ ಅಕ್ಕನ ಮನೆಗೆ, ಯಾರ ಬಿಡುವನ್ನೂ ಕಾಯದೆ ಹೋಗಿಬರುತ್ತೇನೆ. ಗೇರಿನ ಗಾಡಿ ಬಂದರೆ ನಾನು ಪುನಃ ಪಕ್ಕದ ಸೀಟಿಗೆ.

“ನಾನು ಬಿಟ್ಟು ತೋರಿಸ್ತೇನೆ. ಎಷ್ಟು ಬಂದ್ರೆ ಇಟ್ಟುಕೊಳ್ತೀರಿ?” ಎಂದು ಕೇಳಿದೆ.

“ಹದಿನಾರು. ಪಂಜಕ್ಕೆ ಹೋಗಿ ಬರುವಾಗ ಹದಿನಾರು ತೋರಿಸ್ಲಿ. ಇಲ್ಲದಿದ್ರೆ ಮುಂದಿನ ವಾರ ಕೊಡುದೇ” ಎಂದರು.

ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಕೂತೆ. ಟಯರಿನ ಗಾಳಿ ನೋಡಿ, ಗಾಡಿಯಲ್ಲಿ ಬೇಡದ ಭಾರ ಹೊರಬೇಡಿ, ನಿಂತಲ್ಲಿ ಇಂಜಿನ್ ಉರಿಸಬೇಡಿ ಎಂದೆಲ್ಲ ಅದರಲ್ಲಿ ಹೇಳುತ್ತಿದ್ದರು. ಗಾಳಿ ಹಾಕಿಸಿ ಬಂದು ಡಿಕ್ಕಿ ತೆರೆದರೆ ಒಳಗೆ ಒಂದು ಹಾರೆ, ಪಂಪಿನ ಹಳೆಯ ಮೋಟರು, ಯಾರದೋ ಗೃಹಪ್ರವೇಶದ ಚಪ್ಪರಕ್ಕೆ ಕೊಂಡುಹೋಗಿ ಮರಳಿ ತಂದ ತಾಡಪಾಲು. ಎಲ್ಲ ಹೊರಗೆ ಹಾಕಿದೆ. “ಅದೆಲ್ಲ ಬೇಕಾದ್ದು! ನಿನ್ನ ಎಳ್ಳೆಣ್ಣೆ ಬಾಟ್ಲಿ ಮಾತ್ರ ಭಾರ ಇಲ್ವಾ?” ಎಂದರು ಇವರು. “ದೇವರ ಎಣ್ಣೆ ಗಾಡಿಗೆ ಭಾರ ಆಗುದಿಲ್ಲ” ಎಂದು ಡಿಕ್ಕಿ ಮುಚ್ಚಿದೆ.

ಹೊರಟ ದಿನ ಮೈಲೇಜು ತೋರಿಸುವ ಮೀಟರನ್ನು ಸೊನ್ನೆಗೆ ತಂದವರು ಇವರೇ. ಪೆಡಲಿನ ಅಡಿಯಲ್ಲಿ ಹಲಸಿನ ಹಪ್ಪಳ ಇದೆ, ಅದು ಮುರಿಯಬಾರದು ಎಂದು ಕಲ್ಪಿಸಿಕೊಂಡು ಕಾಲಿಟ್ಟೆ. ವೇಗ ಬಂದ ಮೇಲೆ ಕಾಲನ್ನು ತುಸು ಸಡಿಲಿಸಿದರೆ ಗಾಡಿ ತಾನಾಗಿಯೇ ಮೇಲಿನ ಗೇರಿಗೆ ಹೋಗುತ್ತದೆ. ಒತ್ತಿಯೇ ಹಿಡಿದರೆ ಕೆಳಗಿನ ಗೇರಿನಲ್ಲಿ ಕಿರುಚಿಕೊಂಡೇ ಓಡುತ್ತದೆ. ಇಳಿಜಾರಿನಲ್ಲಿ ಕಾಲು ಪೂರ್ತಿ ತೆಗೆದೆ. ತಿರುವನ್ನು ದೂರದಿಂದಲೇ ನೋಡಿ ನಿಧಾನಿಸಿದೆ, ಬ್ರೇಕು ತುಳಿಯುವ ಕೆಲಸ ಅರ್ಧಕ್ಕಿಳಿಯಿತು. ಕಾಣಿಯೂರು ದಾಟುವಷ್ಟರಲ್ಲಿ ಒಂದು ಬಸ್ಸು, ಎರಡು ಜೀಪು, ಕಡೆಗೆ ಹುಲ್ಲು ಹೇರಿಕೊಂಡ ಒಂದು ರಿಕ್ಷಾ ನಮ್ಮನ್ನು ಹಿಂದೆ ಹಾಕಿದವು. ರಿಕ್ಷಾದವನು ತಿರುಗಿ ನೋಡಿದಾಗ ಇವರು ಮುಖಕ್ಕೆ ಪೇಪರು ಹಿಡಿದುಕೊಂಡರು.

ಅಕ್ಕನ ಮನೆಯಿಂದ ಹೊರಡುವುದೇ ಕಷ್ಟದ ಘಟ್ಟ. ನಮ್ಮಲ್ಲಿ ಚಾವಡಿಯಲ್ಲಿ ಆಡುವುದು ಬರೀ ಉಪಚಾರದ ಮಾತು. ಹೊರಟವರು ಕಾರಿನಲ್ಲಿ ಕೂತು ಗಾಜು ಇಳಿಸಿದ ಮೇಲೆಯೇ ನಿಜವಾದ ಮಾತು ಶುರುವಾಗುವುದು. ಅಕ್ಕ ಕಿಟಕಿಗೆ ಕೈಯೂರಿದಳು. ನಾನು ಕೀಲಿ ಮುಟ್ಟಲಿಲ್ಲ. ಇಂಜಿನಿನ ಸದ್ದಿಲ್ಲದ್ದರಿಂದ ಅವಳಿಗೆ ನಾವು ಹೊರಟದ್ದೇ ಮರೆತುಹೋಯಿತು. ಸಣ್ಣ ಸೊಸೆಯ ಬಾಣಂತನದ ಕತೆ ಮುಗಿದು, ಮಾತು ಅವಳ ಶುಗರಿನ ಮಾತ್ರೆಗೆ ಬರುವಾಗ ಇವರು ಬೆವರಿ ನೀರಾಗಿದ್ದರು.

“ಏಸಿ ಆದ್ರೂ ಹಾಕು ಮಾರಾಯ್ತಿ!”

“ಮೈಲೇಜು” ಎಂದೆ.

“ಪಾಪ ಭಾವನಿಗೆ ಸೆಕೆ ಆಗ್ತಾ ಉಂಟು. ಇಳಿಯಿರಿ ಭಾವ, ಒಂದು ಲೋಟ ಮಜ್ಜಿಗೆ ಕುಡಿದು ಹೋಗುದು” ಎಂದಳು ಅಕ್ಕ. ಮಜ್ಜಿಗೆಗೆಂದು ಇಳಿದವರು ಊಟ ಮಾಡಿಯೇ ಹೊರಟೆವು. ಒಂದು ತೊಟ್ಟು ಡೀಸೆಲ್ ಸುಡಲಿಲ್ಲ.

ನಮ್ಮ ಗೇಟಿನ ಎದುರು ಬಂದು ನಿಂತಾಗ ಮೀಟರಿನಲ್ಲಿ ಹದಿನಾರು ಪಾಯಿಂಟ್ ಒಂದು. ಇವರು ಕನ್ನಡಕ ಒರೆಸಿ ಎರಡನೇ ಸಲ ನೋಡಿದರು. “ಆಯ್ತು, ಗೆದ್ದೆ” ಎಂದು ಗೇಟು ತೆರೆಯಲು ಇಳಿದರು. ಕೊಂಡಿ ತುಕ್ಕು ಹಿಡಿದಿತ್ತು, ಕಲ್ಲು ಹುಡುಕಿಕೊಂಡು ಅತ್ತ ಹೋದರು. ಅಷ್ಟರಲ್ಲಿ ನೆರೆಮನೆಯ ಸುಮತಿಯಕ್ಕ ಬೇಲಿಯ ಬದಿಯಿಂದ, “ಎಲ್ಲಿಗೆ ಹೋದ್ದು ಶಾರದಕ್ಕ?” ಎಂದರು. ನಾನು ಗಾಜು ಇಳಿಸಿದೆ. ಕಾಲಿನ ಹದದಿಂದ ಹಿಡಿದು ಅಕ್ಕನ ಮನೆಯ ಮಜ್ಜಿಗೆಯವರೆಗೆ ಎಲ್ಲವನ್ನೂ ವಿವರಿಸಿದೆ. “ಮುಖ್ಯವಾದ್ದು ಎಂತ ಗೊತ್ತುಂಟಾ? ನಿಂತಲ್ಲಿ ಇಂಜಿನ್ ಉರಿಸ್ಲಿಕ್ಕೇ ಆಗುದಿಲ್ಲ” ಎಂದು ಒತ್ತಿ ಹೇಳಿದೆ. ಗೆದ್ದ ಖುಷಿಗೆ ಹಾಕಿದ ಏಸಿ ತಣ್ಣಗೆ ಬರುತ್ತಿತ್ತು.

ಗೇಟು ಯಾವಾಗ ತೆರೆಯಿತೋ ನಾನು ನೋಡಲಿಲ್ಲ. ಇವರು ಕೈಯಲ್ಲಿ ಕಲ್ಲು ಹಿಡಿದು ಆಚೆಯ ಕಿಟಕಿಯಲ್ಲಿ ನಿಂತು ಮೀಟರು ನೋಡುತ್ತಿದ್ದರು. ಹದಿನೈದು ಪಾಯಿಂಟ್ ಎಂಟು. ನಾನು ತಟ್ಟನೆ ಇಂಜಿನ್ ಆರಿಸಿದೆ.

“ಈ ಗಾಡಿದು ಎಂತ ತಪ್ಪೂ ಇಲ್ಲ” ಎಂದರು ಇವರು ನಿಧಾನವಾಗಿ. “ಗೇರಿನದ್ದು ತಂದ್ರೂ ನೀನು ಮಾತಾಡುವಾಗ ಅದೂ ಹೀಗೆಯೇ ಕುಡಿಯುದು. ಇದೇ ಇರ್ಲಿ.”

ಗಾಡಿ ಉಳಿಯಿತು. ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿ ಕೈಮುಗಿದೆ. ಯಾವ ಕಾರಣಕ್ಕೆ ಉಳಿಯಿತು ಎಂದು ದೇವರ ಮುಂದೆ ಬಿಡಿಸಿ ಹೇಳಲು ಹೋಗಲಿಲ್ಲ.