ನೀಲಿ ಧರಣಿ, ಕೆಂಪು ಪ್ರಚಂಡಗಳ ಸರಪಳಿ ಸಮರ

ಎಲೈ ಡೀಸೆಲ್ ಧೂಮಾವೃತ ಕಲಿಯುಗವೇ, ಎತ್ತುಗಳು ಕೊರಳಗೆಜ್ಜೆ ಕಳಚಿ ಅಶ್ವಶಕ್ತಿಗೆ ಸಿಂಹಾಸನ ಬಿಟ್ಟುಕೊಟ್ಟ ಮಹಾಕಾಲವೇ! ಮುಗಳಿಕೊಪ್ಪದ ನೀಲರಥಸಾರಥಿ, ಗ್ರೀಸುಲಿಪ್ತಮೀಸೆಯ ಗಂಡುಗಲಿ, ಕ್ಲಚ್ಚು ಬ್ರೇಕುಗಳೆರಡನ್ನೂ ಬರಿಗಾಲಲ್ಲೇ ಆಳಿದ ಯಮನೂರಪ್ಪನ ಪರಾಕ್ರಮವನ್ನು ಹೇಳಲು ಈ ಬಡ ನಾಲಗೆಗೆ ಬಲ ಕೊಡು. ಕೊಡದಿದ್ದರೂ ಹೇಳದೆ ಬಿಡುವ ಜಾಯಮಾನ ನಮ್ಮದಲ್ಲ.

ಆ ಊರಿನ ಮನುಷ್ಯಕುಲ ಆಗ ಎರಡಾಗಿ ಒಡೆದಿತ್ತು. 'ಧರಣಿ' ಎಂಬ ನೀಲಿ ಟ್ರ್ಯಾಕ್ಟರನ್ನು ನಂಬಿದವರು ಒಂದು ಕಡೆ, 'ಪ್ರಚಂಡ' ಎಂಬ ಕೆಂಪು ಟ್ರ್ಯಾಕ್ಟರನ್ನು ನಂಬಿದವರು ಇನ್ನೊಂದು ಕಡೆ. ನೀಲಿಯವರು ಕೆಂಪಿನವರ ಅಂಗಡಿಯಲ್ಲಿ ಚಹಾ ಸಹ ಕುಡಿಯುತ್ತಿರಲಿಲ್ಲ. ಯಮನೂರಪ್ಪನಂತೂ, ಎರಡು ಓಣಿ ಆಚೆಗಿದ್ದ ಒಡಹುಟ್ಟಿದ ಅಕ್ಕ ಫಕೀರವ್ವನ ಅಂಗಳದಲ್ಲಿ ಆಕೆಯ ಗಂಡ ಅಂದಾನೆಪ್ಪ ಕೆಂಪು ಪ್ರಚಂಡವನ್ನು ತಂದು ನಿಲ್ಲಿಸಿದ ದಿನದಿಂದ ಆ ಅಂಗಳ ತುಳಿದಿರಲಿಲ್ಲ. ಎರಡು ಪಂಚಮಿಗಳಿಗೆ ಅಕ್ಕನನ್ನು ತವರಿಗೆ ಕರೆಯಲೂ ಇಲ್ಲ. ಆಕೆ ಹೊಸ ಸೀರೆ ಉಟ್ಟು ಬಾಗಿಲು ನೋಡಿದ್ದೇ ಬಂತು. ಇವನಿಗೂ ಒಳಗೊಳಗೇ ಸಂಕಟವಾಗುತ್ತಿತ್ತು. ಆದರೆ ನೀಲಿಯ ಧರ್ಮ ದೊಡ್ಡದಲ್ಲವೇ!

ಹೀಗಿರಲು ಹಿಂಗಾರಿ ಮಳೆ ಬಿದ್ದು, ಎರೆಭೂಮಿ ಹದಕ್ಕೆ ಬಂದು, ಕಡಲೆ ಬಿತ್ತಲು ನಾಲ್ಕೇ ದಿನ ಉಳಿದಿದ್ದ ಪುಣ್ಯಕಾಲದಲ್ಲಿ, ಬಿತ್ತುವುದನ್ನು ಬಿಟ್ಟು ಭಾವ ಭಾವಮೈದುನರಿಬ್ಬರೂ ಜಗ್ಗಾಟಕ್ಕೆ ಪಣ ಕಟ್ಟಿದರು. ಎರಡೂ ಟ್ರ್ಯಾಕ್ಟರುಗಳ ಹಿಂಬದಿಯನ್ನು ಒಂದೇ ಸರಪಳಿಗೆ ಬಿಗಿಯುವುದು. ಎಳೆಸಿಕೊಂಡು ಹೋದವನು ತನ್ನ ಟ್ರ್ಯಾಕ್ಟರಿಗೆ ಗೆದ್ದವನ ಬಣ್ಣ ಬಳಿಯುವುದು.

ನೀಲರಥಾರೂಢ ಯಮನೂರಪ್ಪ ಸೀಟಿನ ಮೇಲೆ ಎದ್ದು ನಿಂತು ಗರ್ಜಿಸಿದ: "ಕೇಳೋ ಮಾವಾ! ನನ್ನ ಧರಣಿ ಹುಟ್ಟಿದ ವಂಶಾನ ಬ್ಯಾರೆ! ಇದರ ಕಬ್ಬಿಣ ಬ್ಯಾರೆ, ಇದರ ಮೈಯಾಗಿನ ರಕ್ತಾ ಬ್ಯಾರೆ! ನಿನ್ನ ಕೆಂಪು ಡಬ್ಬಿನ ಇವತ್ತ ಹಳ್ಳದ ತನಕಾ ದರದರ ಎಳಕೊಂಡ ಹೋಗದಿದ್ರ ನಾ ನಮ್ಮಪ್ಪನ ಮಗಾನ ಅಲ್ಲ!"

ರಕ್ತರಥೇಶ್ವರ ಅಂದಾನೆಪ್ಪ ಬೀಡಿ ಬಿಸಾಕಿ ಉತ್ತರಿಸಿದ: "ಹೋಗಲೇ ಯಮನೂರಿ! ಪ್ರಚಂಡ ಒಮ್ಮಿ ಗುಡುಗಿದ್ರ ನಿನ್ನ ಧರಣಿ ಗಡಗಡ ನಡಗತೈತಿ. ಕೆಂಪು ಬಣ್ಣ ತಂದ ಇಟ್ಟೀನಿ, ಬ್ರಶ್ ಅಷ್ಟ ನೀ ತಾ."

ಆಗ ದಿಕ್ಕುಗಳು ಕಪ್ಪಾದವು. ಚಕ್ರೋದ್ಧೂತ ಮೃತ್ಪಿಂಡಗಳು ಗಗನಕ್ಕೆ ಚಿಮ್ಮಿ ನೋಡುವವರ ಬಾಯಿಗೇ ಬಿದ್ದವು. ಮುಂದಿನ ಗಾಲಿಗಳು ಮೇಲೆದ್ದವು, ಸರಪಳಿ ನರಳಿತು, ನಾಯಿಗಳು ಓಡಿದವು, ಈ ಕಥೆ ಹೇಳುವ ನಾವೂ ನಾಚಿಕೆ ಬಿಟ್ಟು ನೀಲಿಯ ಕಡೆ ನಿಂತು ಗಂಟಲು ಹರಿಯುವಂತೆ ಕೂಗಿದೆವು. ಅರ್ಧ ತಾಸಾದರೂ ಇತ್ತಲವರು ಅತ್ತ, ಅತ್ತಲವರು ಇತ್ತ ಒಂದು ಗೇಣೂ ಸರಿಯಲಿಲ್ಲ. ಕೊನೆಗೆ ಎರಡೂ ರಥಗಳ ಹೊಟ್ಟೆಯಿಂದ ಒಂದೇ ಹೊತ್ತಿಗೆ, ಒಂದೇ ಬಗೆಯ ಸುಟ್ಟ ವಾಸನೆ ಎದ್ದಿತು. ಇಬ್ಬರ ಕ್ಲಚ್ ಪ್ಲೇಟುಗಳೂ ಕರಕಲಾಗಿದ್ದವು.

ಮರುದಿನ ಮಹಾರಥಿಗಳಿಬ್ಬರೂ ತಾಲೂಕಿನ ಪೇಟೆಗೆ ಒಂದೇ ಬಸ್ಸಿನಲ್ಲಿ, ಒಬ್ಬ ಮುಂದಿನ ಬಾಗಿಲಲ್ಲಿ, ಇನ್ನೊಬ್ಬ ಹಿಂದಿನ ಬಾಗಿಲಲ್ಲಿ ನಿಂತುಕೊಂಡು ಹೋದರು. ಬಿಡಿಭಾಗಗಳ ಅಂಗಡಿಯವನು ಒಂದು ರಟ್ಟಿನ ಡಬ್ಬ ತಂದಿಟ್ಟ.

"ಇದೊಂದ ಉಳದೈತ್ರಿ. ಇಬ್ರಾಗ ಯಾರ ಒಯ್ತೀರಿ?"

"ನಂದು ಧರಣಿ. ಅವಂದು ಬ್ಯಾರೆ," ಎಂದ ಯಮನೂರಪ್ಪ ಗತ್ತಿನಿಂದ.

"ಎರಡಕ್ಕೂ ಇದ ಕೂಡತೈತ್ರಿ. ಎರಡೂ ಒಂದ ಕಂಪನೀವು. ಹೆಸರು ಏಳು, ಬಣ್ಣ ಏಳು, ಮಾಲಕರು ಒಬ್ರ."

"ಆ ಹಸರು ಟ್ರ್ಯಾಕ್ಟರು?" ಎಂದ ಅಂದಾನೆಪ್ಪ, ಗೋಡೆಯ ಮೇಲಿನ ಚಿತ್ರ ತೋರಿಸಿ.

"ಅದೂ ಅವರದರೀ. ಹೋದ ವರ್ಷ ಕೊಂಡಕೊಂಡ್ರು."

ಆಹಾ, ಸಮುದ್ರಾಂತರನಿವಾಸಿನಿ, ಸಪ್ತನಾಮಧಾರಿಣಿ, ಸಪ್ತವರ್ಣಾಲಂಕೃತ ಮಾತೃಸಂಸ್ಥೆಯೇ! ಕೆಲವನ್ನು ಹಡೆದೆ, ಕೆಲವನ್ನು ಕೊಂಡೆ, ಎಲ್ಲಕ್ಕೂ ಬೇರೆ ಬೇರೆ ಅಂಗಿ ತೊಡಿಸಿ ಮುಗಳಿಕೊಪ್ಪಕ್ಕೆ ಕಳಿಸಿದೆ. ಯಮನೂರಪ್ಪ ಡಬ್ಬವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದರ ಮೇಲೆ ನೀಲಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ. ಬಾಗಿಲಲ್ಲಿ ಕಾದ ಅಕ್ಕನ ಮುಖ ನೆನಪಾಗಿ ಅವನಿಗೆ ಎಂದೂ ಆಗದಷ್ಟು ನಾಚಿಕೆಯಾಯಿತು.

"ನೀ ಒಯ್ಯಿ ಮಾವ," ಎಂದ ಕಡೆಗೆ. "ಹದಾ ಹೋಗತೈತಿ. ನಿಂದು ಬಿತ್ತಿದ ಮ್ಯಾಲ ನನ್ನ ಹೊಲಕ್ಕೂ ಬಾ."

ಅಂದಾನೆಪ್ಪ ಡಬ್ಬವನ್ನು ಕಂಕುಳಲ್ಲಿ ಇರಿಸಿಕೊಂಡ. ಹಿಂತಿರುಗುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಜಾಗ ಹಿಡಿದ.

ಮೂರನೆಯ ದಿನ ಕೆಂಪು ಪ್ರಚಂಡ ನೀಲಕುಲದ ಹೊಲದಲ್ಲಿ ಕಡಲೆ ಬಿತ್ತಿತು. ಮಧ್ಯಾಹ್ನ ಫಕೀರವ್ವ ರೊಟ್ಟಿಯ ಬುಟ್ಟಿ ಹೊತ್ತು ಬದುವಿಗೆ ಬಂದಳು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೋ ತಮ್ಮಾ, ಎರಡೂ ಒಂದ ಕಂಪನೀವಂತಲ್ಲೋ. ಮತ್ತ ಎರಡು ಪಂಚಮಿ ನನ್ನ ಯಾಕ ಕರೀಲಿಲ್ಲ?"

ದಿಗಂತವಿಶ್ರುತಕೀರ್ತಿ, ವೈರಿಕುಲಭಯಂಕರ ಯಮನೂರಪ್ಪ ತಲೆ ತಗ್ಗಿಸಿ ಮಣ್ಣು ಕೆದರಿದ.

"ಬಣ್ಣ ಬ್ಯಾರೆ ಇತ್ತಬೇ, ಯಕ್ಕಾ."

ಆಕೆ ನಗಲಿಲ್ಲ. ಎರಡು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಅವನ ಕೈಗಿಟ್ಟು, "ಉಣ್ಣು," ಎಂದಳು.