ಬೈರೇಶನ ಜೀಪಿನ ಆರು ನೆಗ್ಗು

ಸತ್ತವರ ಸಾಮಾನಿನ ಬಗ್ಗೆ ಬದುಕಿರುವವರೆಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ ಎಂಬುದು ಉಮಾಶಂಕರ ಮೇಷ್ಟರ ದೊಡ್ಡ ದೂರು. ಅವರ ಸ್ನೇಹಿತ ಬೈರೇಶ್ ತೀರಿಕೊಂಡು ಎರಡು ತಿಂಗಳಾಗಿತ್ತು. ಆವತಿ ಊರಿನಲ್ಲಿ ಅವನ ಸುದ್ದಿ ಆಗಲೇ ತಣ್ಣಗಾಗಿತ್ತು. ಈಗ ಎಲ್ಲರ ನಾಲಿಗೆಯ ಮೇಲಿದ್ದುದು ಅವನ ಹಳೆಯ ಜೀಪು. ಎಲ್ಲರದೂ ಒಂದೇ ಮಾತು: ತುಕ್ಕು ತಿಂದುಹಾಕಿದೆ, ಬಾಡಿ ಬದಲಾಯಿಸಿ.

ತುಕ್ಕು ತಿಂದದ್ದೇನೋ ನಿಜ. ಜೀಪಿನೊಳಗೆ ಕೂತು ಕೆಳಗೆ ನೋಡಿದರೆ ರಸ್ತೆ ಕಾಣುತ್ತಿತ್ತು. ಮಡ್‌ಗಾರ್ಡನ್ನು ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅಲ್ಲಲ್ಲಿ ಗುದ್ದಿಸಿಕೊಂಡ ನೆಗ್ಗುಗಳು ಬೇರೆ. ಆದರೆ ತಿಥಿಯ ದಿನ ಊಟದೆಲೆಯ ಮುಂದೆ ಕೂತು, ಇಡೀ ಪಂಕ್ತಿಗೆ ಕೇಳುವ ಹಾಗೆ, ಮೇಷ್ಟರು ಒಂದು ಘನಘೋರ ಪ್ರತಿಜ್ಞೆ ಮಾಡಿಬಿಟ್ಟಿದ್ದರು. ಹಿರಿಯರ ಹಬ್ಬದ ದಿನ ಬೈರೇಶನಿಗೆ ಎಡೆ ಇಡುವಾಗ, ಅವನ ಜೀಪು ಅವನು ಬಿಟ್ಟುಹೋದ ಹಾಗೆಯೇ ಮನೆ ಮುಂದೆ ನಿಂತಿರುತ್ತದೆ. (ಪಂಕ್ತಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹೊತ್ತಿಗೆ ಪಾಯಸ ಬಂದಿತ್ತು.)

ವಿಜಯಪುರ ರಸ್ತೆಯ ಶೆಡ್ಡಿನಲ್ಲಿ ಟಿಂಕರ್ ರಾಮಾಂಜಿನಪ್ಪ ಸಣ್ಣ ಸುತ್ತಿಗೆಯಿಂದ ಜೀಪನ್ನು ಅಲ್ಲಲ್ಲಿ ತಟ್ಟಿ, ತಲೆ ಅಲ್ಲಾಡಿಸಿದ.

"ಸಾರ್, ಇದು ರಿಪೇರಿ ಆಗೋ ಕೇಸಲ್ಲ. ಕೊಯಮತ್ತೂರು ಕಡೆಯಿಂದ ರೆಡಿ ಬಾಡಿ ತರಿಸ್ಬಿಡಣ. ಹಳೇದನ್ನ ಎತ್ತಿ ಪಕ್ಕಕ್ಕಿಡೋದು, ಹೊಸದನ್ನ ಚಾಸಿ ಮೇಲೆ ಕೂರಿಸಿ ಬೋಲ್ಟು ಬಿಗಿಯೋದು. ನಾಕ್ ದಿನದ ಕೆಲಸ."

"ಎತ್ತಿ ಪಕ್ಕಕ್ಕಿಡಕ್ಕೆ ಇದೇನು ಒಲೆ ಮೇಲಿನ ಪಾತ್ರೆನಾ?"

"ಪಾತ್ರೆ ಆಗಿದ್ರೆ ನಿಮ್ಮನೆಯೋರು ಯಾವತ್ತೋ ಹಳೇ ಸಾಮಾನ್ನೋನಿಗೆ ಹಾಕಿರೋರು ಸಾರ್."

ಬೈರೇಶನ ಹೆಂಡತಿ ಜ್ಯೋತಿಲಕ್ಷ್ಮಿಯೂ ಟಿಂಕರನ ಪಕ್ಷ ಸೇರಿದಳು. "ಹೊಸದೇ ಹಾಕ್ಸಿಬಿಡಿ ಅಣ್ಣ. ಆ ನೆಗ್ಗುಗಳನ್ನ ನನ್ ಕೈಲಿ ನೋಡಕ್ಕಾಗಲ್ಲ. ಅದೇನಂದ್ರೆ..."

ಮೇಷ್ಟರು ಕೈ ಎತ್ತಿದರು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟ ಕೈ ಅದು. ಮೇಲೆದ್ದರೆ ಎದುರಿನವರ ವಾಕ್ಯ ಎಲ್ಲಿದ್ದರೂ ಅಲ್ಲೇ ನಿಲ್ಲಬೇಕು.

"ಏನೂ ಹೇಳ್ಬೇಡಮ್ಮ. ನನಗೆ ಅರ್ಥ ಆಗ್ತದೆ."

ಅವರಿಗೆ ಅರ್ಥವಾದದ್ದು ಇಷ್ಟು: ಗಂಡ ಹೋಗಿ ಮೂರು ತಿಂಗಳು ತುಂಬಿಲ್ಲ, ಇವಳಿಗೆ ಆಗಲೇ ಎಲ್ಲವೂ ಹೊಸದು ಬೇಕು. ಮನೆಗೆ ಬಂದು ಕಾಫಿ ಕುಡಿಯುತ್ತಾ ಹೆಂಡತಿ ಮುನಿರತ್ನಮ್ಮನ ಮುಂದೆ ಇದನ್ನೇ ಭಾವಾರ್ಥಸಹಿತ ವಿವರಿಸಿದರು.

"ಅವಳ ಗಂಡ, ಅವಳ ಜೀಪು. ಮಧ್ಯದಲ್ಲಿ ನೀವ್ಯಾರ್ರೀ?"

"ನಲವತ್ತು ವರ್ಷದ ಸ್ನೇಹಿತ ಕಣೇ! ಅವನನ್ನ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?"

"ನೀವು ಅವ್ರ ಜೊತೆ ನಲವತ್ತು ವರ್ಷ ಟೀ ಕುಡಿದಿದ್ದೀರಿ. ಅವಳು ಸಂಸಾರ ಮಾಡಿದ್ದಾಳೆ."

ಇಂಥ ಮಾತಿಗೆ ಉತ್ತರ ಕೊಡುವುದು ವಿದ್ವಾಂಸರಿಗೆ ತಕ್ಕುದಲ್ಲ. ಮೇಷ್ಟರು ಒಂದು ಬಿಳಿ ಹಾಳೆ ತೆಗೆದುಕೊಂಡು ಪಟ್ಟಿ ಬರೆಯಲು ಕೂತರು. ಜೀಪಿಗೆ ಒಟ್ಟು ಆರು ನೆಗ್ಗು. ಒಂದೊಂದಕ್ಕೂ ಬೈರೇಶನೇ ಹೇಳಿದ ಒಂದೊಂದು ಕಥೆ. ಬಲಗಡೆಯ ಮಡ್‌ಗಾರ್ಡಿನದು ಸೂಲಿಬೆಲೆ ಹತ್ತಿರ ಹೋರಿ ತಿವಿದದ್ದು. ಎಡಗಡೆಯದು ತೂಬಗೆರೆ ದಾರಿಯಲ್ಲಿ ನವಿಲನ್ನು ಉಳಿಸಲು ಹೋಗಿ ಮರಕ್ಕೆ ಗುದ್ದಿದ್ದು. ಹಿಂದಿನದು ದಾರಿ ಬಿಡದ ಪುಢಾರಿಯೊಬ್ಬನ ಕಾರಿಗೆ ಬೇಕೆಂದೇ ಗುದ್ದಿದ್ದು. ನವಿಲಿನ ಕಥೆಯನ್ನು ಮೇಷ್ಟರು ಪ್ರತಿವರ್ಷ ಹತ್ತನೇ ತರಗತಿಗೆ ದಯೆಯ ಪಾಠ ಮಾಡುವಾಗ ಹೇಳುತ್ತಿದ್ದರು. ಎಷ್ಟೋ ಮಕ್ಕಳು ಅದನ್ನು ಪರೀಕ್ಷೆಯಲ್ಲೂ ಬರೆದಿದ್ದರು. ಮೇಷ್ಟರು ಅಂಕವನ್ನೂ ಕೊಟ್ಟಿದ್ದರು.

ಮೇಷ್ಟರ ಹಟಕ್ಕೆ ಮಣಿದು ರಾಮಾಂಜಿನಪ್ಪ ಗೊಣಗುತ್ತಲೇ ತುಕ್ಕು ಕತ್ತರಿಸಲು ಶುರುಮಾಡಿದ. ಕತ್ತರಿಸಿದಷ್ಟೂ ತುಕ್ಕು. ಮೂರು ವಾರದ ಹೊತ್ತಿಗೆ ಶೆಡ್ಡಿನ ಮೂಲೆಯಲ್ಲಿ ಒಂದು ಜೀಪಿನಷ್ಟೇ ಹಳೇ ತಗಡು ಬಿದ್ದಿತ್ತು. ಚಾಸಿಯ ಮೇಲೆ ಹೊಸ ತಗಡಿನ ತೇಪೆಗೆ ತೇಪೆ ಬೆಸೆದು, ರೆಡಿ ಬಾಡಿಗಿಂತ ತುಸು ಸೊಟ್ಟಗಿನ ಇನ್ನೊಂದು ಹೊಸ ಬಾಡಿಯೇ ಎದ್ದು ನಿಂತಿತ್ತು. ಮೇಷ್ಟರು ಅದರ ಸುತ್ತ ಎರಡು ಸಲ ತಿರುಗಿದರು.

"ನೆಗ್ಗುಗಳೆಲ್ಲೋ?"

"ತಗಡಿನ ಜೊತೆ ಹೋದ್ವು ಸಾರ್."

"ಹಾಗಾದರೆ ವಾಪಸ್ ಹಾಕು."

ರಾಮಾಂಜಿನಪ್ಪ ಬಾಯಲ್ಲಿದ್ದ ಬೀಡಿ ತೆಗೆದ. "ನನ್ ಸರ್ವೀಸಲ್ಲಿ ಸಾವಿರಾರು ನೆಗ್ಗು ತೆಗೆದಿದ್ದೀನಿ. ಹಾಕು ಅಂದೋರು ನೀವೇ ಮೊದ್ಲು."

ಎರಡು ದಿನ ಆ ಮಹಾಕಾರ್ಯ ನಡೆಯಿತು. ಮೇಷ್ಟರು ಕೈಯಲ್ಲಿ ಪಟ್ಟಿ ಹಿಡಿದು ನಿರ್ದೇಶಿಸಿದರು. "ಇನ್ನೊಂಚೂರು ಕೆಳಗೆ... ಅಷ್ಟು ಮೆತ್ತಗಲ್ಲಯ್ಯ, ತಿವಿದಿದ್ದು ಹೋರಿ." ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿದರು. ಮೇಷ್ಟರಿಗೆ ನಾಚಿಕೆ ಎನಿಸಲಿಲ್ಲ. ಸ್ನೇಹಿತ ಈ ಭೂಮಿಯ ಮೇಲೆ ಬಿಟ್ಟುಹೋದ ಗುರುತು ಬೇರೆ ಏನಿತ್ತು? ಆರನೆಯ ನೆಗ್ಗು ಮುಗಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಹಿರಿಯರ ಹಬ್ಬದ ಬೆಳಿಗ್ಗೆ ರಾಮಾಂಜಿನಪ್ಪ ಜೀಪನ್ನು ತಂದು ಬೈರೇಶನ ಮನೆ ಮುಂದೆ ನಿಲ್ಲಿಸಿ, ಬೀಗದಕೈಯನ್ನು ಮೇಷ್ಟರಿಗೆ ಕೊಟ್ಟು ಹೋದ. ಒಳಗೆ ಬೈರೇಶನ ಫೋಟೋದ ಮುಂದೆ ಹೊಸ ಪಂಚೆ ಇಟ್ಟಿತ್ತು. ಅಡುಗೆಮನೆಯಿಂದ ಬಾಡೂಟದ ಘಮ ಬರುತ್ತಿತ್ತು. ಜ್ಯೋತಿಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವಳು ಜೀಪನ್ನು ನೋಡಿ ಅಲ್ಲೇ ನಿಂತಳು. ಮಡ್‌ಗಾರ್ಡಿನ ಗುಳಿಯಲ್ಲಿ ಬೆರಳಿಟ್ಟಳು.

"ಹೊಸ ತಗಡಿಗೂ ನೆಗ್ಗು ಹಾಕ್ಸಿದ್ದೀರಲ್ಲಣ್ಣ. ಇದು ನಾನು ಮಾಡಿದ್ದು."

"ಯಾವುದು?"

"ಎಲ್ಲಾ."

ಮೇಷ್ಟರು ನಕ್ಕರು. ಅವಳು ನಗಲಿಲ್ಲ.

"ಹೋರಿ?" ಎಂದರು.

"ಯಾವ ಹೋರಿನೂ ಇಲ್ಲ. ಕೆರೆ ಕಟ್ಟೆ ಕಲ್ಲು. ಕ್ಲಚ್ ಬಿಟ್ಬಿಟ್ಟೆ."

"ನವಿಲು?"

"ನಮ್ ತೋಟದ ಗೇಟು."

"ಆ ಪುಢಾರಿ ಕಾರು?"

"ನಮ್ಮದೇ ಕೊಟ್ಟಿಗೆ ಗೋಡೆ ಅಣ್ಣ. ರಿವರ್ಸ್ ಹಾಕಿದ್ದೆ." ಅವಳು ದನಿ ತಗ್ಗಿಸಿದಳು. "ನಮ್ಮತ್ತೆಗೆ ಗೊತ್ತಾಗ್ಬಾರ್ದು ಅಂತ ಬೆಳಬೆಳಗ್ಗೆ ಕೆರೆ ಅಂಗಳದಲ್ಲಿ ಕಲಿಸ್ತಿದ್ರು. ನಾನು ಗುದ್ದೋದು, ಅವ್ರು ಕಥೆ ಕಟ್ಟೋದು."

"ನನಗಾದರೂ ಹೇಳಬಹುದಿತ್ತಲ್ಲ ಅವನು?"

"ಮೇಷ್ಟ್ರಿಗೆ ಹೇಳಿದ್ರೆ ನಾಳೆ ಪ್ರಾರ್ಥನೆ ಹೊತ್ತಿಗೆ ಇಸ್ಕೂಲಿಗೆಲ್ಲ ಗೊತ್ತಾಗ್ತದೆ ಅಂತಿದ್ರು."

ಮೇಷ್ಟರ ಕೈ ಮೇಲೇಳಲು ಹೋಗಿ ಅರ್ಧದಲ್ಲೇ ಇಳಿಯಿತು.

"ಒಂದ್ಸಲಾನೂ ಬೈಲಿಲ್ಲ ಅಣ್ಣ ಅವ್ರು. ಇಳಿದು ನೋಡಿ, 'ಇದಕ್ಕೇನ್ ಕಥೆ ಹೇಳಣ ಜ್ಯೋತಿ?' ಅನ್ನೋರು. ಈ ನೆಗ್ಗು ಕಂಡ್ರೆ ಆ ಮುಖಾನೇ ಕಾಣ್ತದೆ. ದಿನಾ ಬೆಳಗೆದ್ದು ಇದನ್ನ ನೋಡ್ಕೊಂಡು ನಾನು ಹೆಂಗೆ ಹಾಲು ಕರೀಲಿ? ಹೊಸ ಬಾಡಿ ಹಾಕ್ಸಿ ಅಂದಿದ್ದು ಅದಕ್ಕೆ. ಕೊಡಿ ಕೀ. ಎಡೆ ಇಡೋ ಹೊತ್ಗೆ ಇದು ನನ್ ಕಣ್ಣಿಗೆ ಬೀಳೋದು ಬೇಡ, ಹಿತ್ತಲಿಗೆ ಹಾಕ್ತೀನಿ."

ಅವಳು ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು. ಇಷ್ಟೆಲ್ಲ ಕೇಳಿದ ಮೇಲೂ ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಜೀಪಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಇನ್ನೂ ಜಾಗ ಇದೆ, ಬರ್ಲಿ" ಎಂದು ಕೈ ಬೀಸತೊಡಗಿದರು. ಇದ್ದ ಜಾಗ ಮುಗಿದದ್ದು ಅವರಿಗೆ ತಿಳಿದದ್ದು ಕಲ್ಲುಕಂಬಕ್ಕೆ ಜೀಪು ಢಬ್ಬೆಂದು ಬಡಿದಾಗ.

ಒಳಗಿನಿಂದ ಬೈರೇಶನ ತಾಯಿ ಅಮ್ಮಯಮ್ಮ ಕೋಲೂರಿಕೊಂಡು ಹೊರಗೆ ಬಂದರು. ಎಂಬತ್ನಾಲ್ಕು ವರ್ಷದ ಮುದುಕಿ. "ಯಾರದು ಗುದ್ದಿದ್ದು?"

ಜ್ಯೋತಿಲಕ್ಷ್ಮಿ ಸೀಟಿನಿಂದ ಜಾರಿ ಕೆಳಗಿಳಿದು ಮೇಷ್ಟರ ಮುಖ ನೋಡಿದಳು. ಬೈರೇಶನಾಗಿದ್ದರೆ ಈ ಹೊತ್ತಿಗೆ ಏನು ಹೇಳುತ್ತಿದ್ದ? ಮೇಷ್ಟರು ಒಂದು ಹೆಜ್ಜೆ ಮುಂದೆ ಬಂದರು.

"ನಾನೇ ಅಮ್ಮ. ನಾನೇ ಓಡಿಸ್ದೆ. ಬ್ರೇಕು... ಅದು ಹಿಡೀಲಿಲ್ಲ."

ಅಮ್ಮಯಮ್ಮ ಕಂಬವನ್ನು ನೋಡಿದರು, ಸೊಸೆಯ ಸಿಕ್ಕಿಸಿದ ಸೆರಗನ್ನು ನೋಡಿದರು, ಕೊನೆಗೆ ಮೇಷ್ಟರನ್ನು ನೋಡಿದರು.

"ಇವಳು ಗುದ್ಕಂಡು ಬಂದಾಗ್ಲೆಲ್ಲ ನನ್ ಮಗ ಎಂಥೆಂಥಾ ಸುಳ್ಳು ಹೇಳ್ತಿದ್ದ! ಕೇಳಕ್ಕೆ ಚೆಂದಾಗಿರೋದು, ಅದಕ್ಕೇ ಸುಮ್ಕಿದ್ದೆ." ಕೋಲನ್ನು ಮೇಷ್ಟರ ಕಡೆ ತಿರುಗಿಸಿದರು. "ನಂಬಿದ್ದು ಈ ಊರಲ್ಲಿ ನೀನೊಬ್ನೇ ಕಣಪ್ಪ."